ಕೋಚ್‌ಗಿಂತ ಅಭಿಮಾನಿಗೆ ಹೆಚ್ಚು ಗೊತ್ತಿರುತ್ತದೆಯೇ?

ಓದುಗರ ಪ್ರಶ್ನೆ: ನಮ್ಮ ಮಗ ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ ಓದುತ್ತಿದ್ದಾನೆ. ಶನಿವಾರ ಬಂತೆಂದರೆ ಕಾಲೇಜು ಫುಟ್‌ಬಾಲ್ ಬಿಟ್ಟು ಬೇರೆ ಮಾತಿಲ್ಲ. ತಂಡ ಸೋತರೆ ಅವನೂ ಅವನ ಗೆಳೆಯರೂ ಕೋಚ್‌ನನ್ನೇ ಹಿಡಿದುಕೊಳ್ಳುತ್ತಾರೆ. ಆ ಕ್ವಾರ್ಟರ್‌ಬ್ಯಾಕ್‌ನನ್ನು ಯಾಕೆ ಇಳಿಸಿದರು, ಆ ಹೊತ್ತಿನಲ್ಲಿ ಚೆಂಡು ಎಸೆಯುವುದು ಬಿಟ್ಟು ಯಾಕೆ ಓಡಿಸಿದರು ಎಂದು ರಾತ್ರಿಯಿಡೀ ವಾದ. ದಿನವೂ ತಂಡದ ಜೊತೆ ಇರುವ ಕೋಚ್‌ಗೆ ಗೊತ್ತಿಲ್ಲದ್ದು ಗ್ಯಾಲರಿಯಲ್ಲಿ ಕೂತವರಿಗೆ ಗೊತ್ತಿರುತ್ತದೆಯೇ?

ಉತ್ತರ: ಕ್ವಾರ್ಟರ್‌ಬ್ಯಾಕ್ ಯಾರಾಗಬೇಕು ಎಂಬ ವಿಷಯದಲ್ಲಿ ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ಯಾವ ಆಟ ಆಡಿಸಬೇಕಿತ್ತು ಎಂಬ ವಿಷಯದಲ್ಲಿ ಎಷ್ಟೋ ಸಲ ಗೊತ್ತಿರುತ್ತದೆ. ಅಭಿಮಾನಿಗಳು ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದರಿಂದ ಎರಡೂ ಒಂದೇ ಜಗಳದಂತೆ ಕೇಳಿಸುತ್ತದೆ. ನಿಮ್ಮ ಮಗ ಇರುವುದು ಕೊಲಂಬಸ್‌ನಲ್ಲೇ ಆದ್ದರಿಂದ ಅಲ್ಲಿನ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ತಂಡವನ್ನೇ ಇಟ್ಟುಕೊಂಡು ವಿವರಿಸುತ್ತೇನೆ. ಲಕ್ಷಕ್ಕೂ ಹೆಚ್ಚು ಜನ ಕೂರುವ ಕ್ರೀಡಾಂಗಣ ಅಲ್ಲಿದೆ. ಎರಡೂ ಬಗೆಯ ಜಗಳಕ್ಕೆ ಒಳ್ಳೆಯ ಉದಾಹರಣೆಗಳು ಈ ಒಂದೇ ತಂಡದಲ್ಲಿ ಸಿಗುತ್ತವೆ.

ಮೊದಲು ಆಟದ ಬಗ್ಗೆ ಎರಡು ಮಾತು. ಚೆಂಡು ಕೈಯಲ್ಲಿರುವ ತಂಡಕ್ಕೆ ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಪ್ರತಿ ಅವಕಾಶಕ್ಕೂ ಒಂದು ಪೂರ್ವನಿಗದಿತ ಆಟ ಇರುತ್ತದೆ: ಯಾರು ಎತ್ತ ಓಡಬೇಕು, ಯಾರು ಯಾರನ್ನು ತಡೆಯಬೇಕು, ಚೆಂಡು ಯಾರ ಕೈ ಸೇರಬೇಕು, ಎಲ್ಲವೂ ಮೊದಲೇ ತೀರ್ಮಾನ. ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಅವರು ಅದನ್ನು ದೂರದ ರಿಸೀವರ್‌ಗೆ ಎಸೆಯಬಹುದು, ಪಕ್ಕದ ರನ್ನಿಂಗ್ ಬ್ಯಾಕ್ ಕೈಗೆ ಕೊಡಬಹುದು, ತಾವೇ ಹಿಡಿದು ಓಡಲೂಬಹುದು. ಕ್ರಿಕೆಟ್‌ನಲ್ಲಿ ಮೈದಾನದ ತೀರ್ಮಾನಗಳು ನಾಯಕನವು. ಇಲ್ಲಿ ಒಂದೊಂದು ಎಸೆತಕ್ಕೂ ಹೊರಗೆ ನಿಂತ ಕೋಚ್ ಆದೇಶ ಕೊಟ್ಟಂತೆ. ಕೋಚ್ ಮೇಲೆ ಇಷ್ಟು ಸಿಟ್ಟು ಯಾಕೆ ಎಂಬುದು ಇಲ್ಲೇ ಅರ್ಥವಾಗುತ್ತದೆ.

ಈಗ ಕ್ವಾರ್ಟರ್‌ಬ್ಯಾಕ್ ವಿಷಯ. 2014ರ ಆಗಸ್ಟ್‌ನಲ್ಲಿ ಒಹಾಯೊ ಸ್ಟೇಟ್‌ನ ಬ್ರಾಕ್ಸ್‌ಟನ್ ಮಿಲ್ಲರ್ ಭುಜಕ್ಕೆ ಪೆಟ್ಟಾಗಿ ಇಡೀ ಋತುವಿನಿಂದ ಹೊರಗುಳಿದರು. ಅವರು ಅದಕ್ಕೂ ಮೊದಲಿನ ಎರಡು ವರ್ಷ ಒಹಾಯೊ ಸ್ಟೇಟ್ ಆಡುವ ಬಿಗ್ ಟೆನ್ ಲೀಗ್‌ನ ಅತ್ಯುತ್ತಮ ಆಕ್ರಮಣಕಾರಿ ಆಟಗಾರ. ಅವರ ಜಾಗಕ್ಕೆ ಬಂದ ಜೆ.ಟಿ. ಬ್ಯಾರೆಟ್ ಎರಡನೇ ಪಂದ್ಯದಲ್ಲೇ ತವರಿನಲ್ಲಿ ವರ್ಜೀನಿಯಾ ಟೆಕ್ ಎದುರು 35-21ರಿಂದ ಸೋತರು. ಆದರೂ ಕೋಚ್ ಅರ್ಬನ್ ಮೆಯರ್ ಬ್ಯಾರೆಟ್‌ರನ್ನು ಬದಲಿಸಲಿಲ್ಲ. ಚೆಂಡನ್ನು ಎದುರಾಳಿಯ ಗೋಲು ಗೆರೆ ದಾಟಿಸುವುದಕ್ಕೆ ಟಚ್‌ಡೌನ್ ಎನ್ನುತ್ತಾರೆ. ಆ ವರ್ಷ ಬ್ಯಾರೆಟ್ ಎಸೆದದ್ದೂ ಓಡಿದ್ದೂ ಸೇರಿ 45 ಟಚ್‌ಡೌನ್‌ ಗಳಿಸಿಕೊಟ್ಟರು. ಕೊನೆಗೆ ಮಿಶಿಗನ್ ವಿರುದ್ಧ ಅವರ ಕಣಕಾಲು ಮುರಿಯಿತು. ಆಗ ಬಂದವರು ಮೂರನೆಯವರಾದ ಕಾರ್ಡೇಲ್ ಜೋನ್ಸ್. ಅವರು ಮೊದಲ ಸಲ ಆರಂಭಿಕ ಆಟಗಾರನಾಗಿ ಇಳಿದದ್ದೇ ಲೀಗ್‌ನ ಫೈನಲ್‌ನಲ್ಲಿ. ವಿಸ್ಕಾನ್ಸಿನ್ ಎದುರು 59-0. ಆಮೇಲೆ ಅಲಬಾಮಾ ವಿರುದ್ಧ 42-35, 2015ರ ಜನವರಿ 12ರಂದು ಒರೆಗನ್ ವಿರುದ್ಧ 42-20. ರಾಷ್ಟ್ರೀಯ ಕಿರೀಟ ಕೊಲಂಬಸ್‌ಗೆ ಬಂತು.

ಮೂರನೇ ಕ್ವಾರ್ಟರ್‌ಬ್ಯಾಕ್ ಇಷ್ಟು ಒಳ್ಳೆಯವರು ಎಂದು ಹೊರಗಿನವರು ಹೇಗೆ ಊಹಿಸಬೇಕಿತ್ತು? ಊಹಿಸಲು ದಾರಿಯೇ ಇರಲಿಲ್ಲ. ಅಭ್ಯಾಸ ನಡೆಯುವುದು ಮುಚ್ಚಿದ ಬಾಗಿಲ ಹಿಂದೆ. ಯಾರು ಎದುರಾಳಿಯ ರಕ್ಷಣೆಯನ್ನು ಬೇಗ ಓದುತ್ತಾರೆ, ಯಾರು ಕಲಿಸಿದ ಆಟವನ್ನು ಮರೆಯುತ್ತಾರೆ, ಯಾರ ಮೊಣಕಾಲು ನೋಯುತ್ತಿದೆ, ಇದೆಲ್ಲ ಕೋಚ್‌ಗೆ ಗೊತ್ತು, ನಮಗೆ ಗೊತ್ತಿಲ್ಲ. ನಮಗೆ ಕಾಣುವುದು ವಾರಕ್ಕೊಮ್ಮೆ ಮೂರೂವರೆ ಗಂಟೆಯ ಆಟ ಮಾತ್ರ. ಅದರಲ್ಲೂ ಆಡಿದವರ ತಪ್ಪು ಕಾಣುತ್ತದೆ, ಆಡದವರ ತಪ್ಪು ಕಾಣುವುದೇ ಇಲ್ಲ. ಎಲ್ಲ ಊರಲ್ಲೂ ಬೆಂಚಿನ ಮೇಲೆ ಕೂತ ಕ್ವಾರ್ಟರ್‌ಬ್ಯಾಕ್ ಜನಪ್ರಿಯರಾಗುವುದು ಇದೇ ಕಾರಣಕ್ಕೆ.

ಇದಕ್ಕಿಂತ ಕಷ್ಟದ ಉದಾಹರಣೆ ಜೋ ಬರೋ ಅವರದು. ಅವರು ಒಹಾಯೊ ಸ್ಟೇಟ್‌ನಲ್ಲಿ ಬ್ಯಾರೆಟ್ ಹಿಂದೆ ಕಾಯುತ್ತಿದ್ದ ಹುಡುಗ. 2017ರ ಋತುವಿಗೆ ಮುನ್ನ ಕೈ ಮೂಳೆ ಮುರಿಯಿತು, ಎರಡನೇ ಸ್ಥಾನ ಡ್ವೇಯ್ನ್ ಹ್ಯಾಸ್ಕಿನ್ಸ್ ಪಾಲಾಯಿತು. 2018ರಲ್ಲಿ ಬರೋ ಲೂಸಿಯಾನ ಸ್ಟೇಟ್‌ಗೆ ಹೋದರು. ಮರುವರ್ಷ 60 ಟಚ್‌ಡೌನ್ ಪಾಸ್ ಎಸೆದು, 15ಕ್ಕೆ 15 ಪಂದ್ಯ ಗೆದ್ದು, ಕಾಲೇಜು ಫುಟ್‌ಬಾಲ್‌ನ ವರ್ಷದ ಅತ್ಯುತ್ತಮ ಆಟಗಾರನಿಗೆ ಸಿಗುವ ಹೈಸ್ಮನ್ ಪ್ರಶಸ್ತಿ ಹಿಡಿದರು. ಇಂಥ ಆಟಗಾರನನ್ನು ಕೈಬಿಟ್ಟರಲ್ಲ ಎಂದು ಈಗಲೂ ಕೇಳುವವರಿದ್ದಾರೆ. ಆದರೆ 2018ರಲ್ಲಿ ಹ್ಯಾಸ್ಕಿನ್ಸ್ ಎಸೆದದ್ದು 50 ಟಚ್‌ಡೌನ್ ಪಾಸ್! ಕೋಚ್ ಆರಿಸಿದವರೂ ಅದ್ಭುತವಾಗಿ ಆಡಿದರು, ಬಿಟ್ಟವರೂ ಅದ್ಭುತವಾಗಿ ಆಡಿದರು. ಇದನ್ನು ತಪ್ಪು ತೀರ್ಮಾನ ಎನ್ನಲು ನನಗಂತೂ ಮನಸ್ಸು ಬರುವುದಿಲ್ಲ.

ಕೈಲ್ ಮೆಕಾರ್ಡ್ ಅವರ ಕಥೆಯೂ ನೆನಪಿಡಬೇಕಾದದ್ದು. 2023ರಲ್ಲಿ ಸತತ ಹನ್ನೊಂದು ಪಂದ್ಯ ಗೆಲ್ಲಿಸಿ, ಹನ್ನೆರಡನೆಯದನ್ನು ಮಿಶಿಗನ್ ಎದುರು 30-24ರಿಂದ ಸೋತರು. ಕೊನೆಯ ಪಾಸ್ ಎದುರಾಳಿಯ ಕೈ ಸೇರಿತ್ತು. ಆ ಋತುವಿನ ನಂತರ ಅವರು ಸಿರಾಕ್ಯೂಸ್‌ಗೆ ಹೋಗಿ 2024ರಲ್ಲಿ 4,779 ಗಜ ಎಸೆದು ದೇಶಕ್ಕೇ ಮೊದಲಿಗರಾದರು. 2021ರಿಂದ ಕಾಲೇಜು ಬದಲಿಸಿದ ಆಟಗಾರರು ಒಂದು ವರ್ಷ ಕಾಯದೆ ಆಡಬಹುದು. ಹೀಗಾಗಿ ಇವತ್ತು ಒಬ್ಬರನ್ನು ಆರಿಸಿದರೆ ಇನ್ನೊಬ್ಬರು ಹೊರಟೇಬಿಡುತ್ತಾರೆ ಎಂಬ ಲೆಕ್ಕವೂ ಕೋಚ್ ತಲೆಯಲ್ಲಿರುತ್ತದೆ. ಇವರೆಲ್ಲ ಹತ್ತೊಂಬತ್ತು ಇಪ್ಪತ್ತು ವರ್ಷದ ವಿದ್ಯಾರ್ಥಿಗಳು ಎಂಬುದನ್ನು ಬೈಯುವಾಗ ಜನ ಮರೆಯುತ್ತಾರೆ. ಅದು ನನಗೆ ನಿಜಕ್ಕೂ ನೋವಿನ ಸಂಗತಿ.

ಹಾಗಾದರೆ ಕ್ವಾರ್ಟರ್‌ಬ್ಯಾಕ್ ವಿಷಯದಲ್ಲಿ ಅಭಿಮಾನಿ ಬಾಯಿ ಮುಚ್ಚಿಕೊಂಡಿರಬೇಕೇ? ಬೇಕಿಲ್ಲ. ಒಂದು ಸಂಗತಿ ಹೊರಗೂ ಕಾಣುತ್ತದೆ: ಕೋಚ್ ತೀರ್ಮಾನವನ್ನೇ ಮಾಡದಿರುವುದು. 2015ರಲ್ಲಿ ಮೆಯರ್ ಕೈಯಲ್ಲಿ ಜೋನ್ಸ್ ಮತ್ತು ಬ್ಯಾರೆಟ್ ಇಬ್ಬರೂ ಇದ್ದರು. ಋತುವನ್ನು ಜೋನ್ಸ್ ಆರಂಭಿಸಿದರು, ಒಂದು ಪಂದ್ಯದ ನಡುವೆ ಅವರನ್ನು ಹೊರಗೆ ಕರೆದರು, ಆಮೇಲೆ ಗೋಲಿನ ಹತ್ತಿರ ಬಂದಾಗ ಮಾತ್ರ ಬ್ಯಾರೆಟ್‌ರನ್ನು ಇಳಿಸಿದರು, ಅಕ್ಟೋಬರ್ ಕೊನೆಗೆ ಬ್ಯಾರೆಟ್ ಆರಂಭಿಕರಾದರು. ಇಬ್ಬರಲ್ಲಿ ಯಾರು ಮೇಲು ಎಂದು ಹೇಳುವುದು ಹೊರಗಿನವರ ಕೆಲಸವಲ್ಲ. ಆದರೆ ಒಂದು ತಪ್ಪು ಮಾಡಿದರೆ ಜಾಗ ಹೋಗುತ್ತದೆ ಎಂಬ ಹೆದರಿಕೆಯಲ್ಲಿ ಇಬ್ಬರೂ ಆಡುತ್ತಿದ್ದಾರೆ ಎಂದು ಅಭಿಮಾನಿಗಳು ಹೇಳಿದ್ದರೆ, ಅದು ಕಣ್ಣಿಗೆ ಕಂಡದ್ದನ್ನೇ ಹೇಳಿದ ಮಾತು.

ಇನ್ನು ಆಟದ ಆಯ್ಕೆ. ಆದೇಶ ಹೊರಡುವುದು ಸಾಮಾನ್ಯವಾಗಿ ಆಫೆನ್ಸಿವ್ ಕೋಆರ್ಡಿನೇಟರ್ ಎಂಬ ಸಹಾಯಕ ಕೋಚ್‌ನಿಂದ. ಕೆಲವರು ಮೈದಾನದಂಚಿನಲ್ಲಿ ನಿಲ್ಲುತ್ತಾರೆ, ಕೆಲವರು ಇಡೀ ಮೈದಾನ ಕಾಣುವಂತೆ ಮೇಲಿನ ಕೊಠಡಿಯಲ್ಲಿ ಕೂರುತ್ತಾರೆ. ಮೊದಲೆಲ್ಲ ಕೈಸನ್ನೆ, ಚಿತ್ರದ ಫಲಕಗಳ ಮೂಲಕ ಸಂದೇಶ ಹೋಗುತ್ತಿತ್ತು. 2024ರಿಂದ ದೊಡ್ಡ ಕಾಲೇಜು ತಂಡಗಳಿಗೆ ಒಬ್ಬ ಆಟಗಾರನ ಹೆಲ್ಮೆಟ್‌ನಲ್ಲಿ ರೇಡಿಯೊ ಇಡಲು ಅನುಮತಿ ಸಿಕ್ಕಿದೆ. ನಲವತ್ತು ಸೆಕೆಂಡಿನ ಗಡಿಯಾರದಲ್ಲಿ ಹದಿನೈದು ಸೆಕೆಂಡು ಉಳಿದಾಗ ಆ ರೇಡಿಯೊ ಬಂದ್ ಆಗುತ್ತದೆ. ಆಮೇಲೆ ಕ್ವಾರ್ಟರ್‌ಬ್ಯಾಕ್ ಒಬ್ಬರೇ. ಎದುರಾಳಿಗಳು ನಿಂತ ರೀತಿ ನೋಡಿ ಅವರು ಆಟವನ್ನು ಬದಲಿಸಬಹುದು. ಚೆಂಡು ಕೈಗೆ ಬಂದ ಮೇಲೂ ಎದುರಿನ ಒಬ್ಬ ರಕ್ಷಕನ ಚಲನೆ ನೋಡಿ, ಕೊಡುವುದೋ ಎಸೆಯುವುದೋ ಎಂದು ತೀರ್ಮಾನಿಸುವ ಆಟಗಳೂ ಇವೆ. ಆದ್ದರಿಂದ ‘ಕೋಚ್ ಮತ್ತೆ ಓಡಿಸಿದ’ ಎಂದು ಕೂಗುವ ಮುನ್ನ ಸ್ವಲ್ಪ ತಾಳಬೇಕು. ಆ ಓಟವನ್ನು ಆರಿಸಿದ್ದು ಕ್ವಾರ್ಟರ್‌ಬ್ಯಾಕ್ ಕೂಡ ಆಗಿರಬಹುದು. ಆದರೆ ಒಂದೇ ಬಗೆಯ ಆಟ ಇಡೀ ಮಧ್ಯಾಹ್ನ ನಡೆದರೆ ಅದು ಯೋಜನೆಯೇ, ಅದರ ಹೊಣೆ ಕೋಚ್‌ನದೇ.

2015ರ ನವೆಂಬರ್ 21ರ ಪಂದ್ಯ ನೋಡಿ. ಒಹಾಯೊ ಸ್ಟೇಟ್ ಸತತ 23 ಪಂದ್ಯ ಗೆದ್ದಿತ್ತು. ಎದುರಾಳಿ ಮಿಶಿಗನ್ ಸ್ಟೇಟ್, ಅವರ ಮುಖ್ಯ ಕ್ವಾರ್ಟರ್‌ಬ್ಯಾಕ್ ಗಾಯದಿಂದ ಹೊರಗೆ. ಮಳೆ, ಚಳಿ, ಗಾಳಿ. ಅಂಥ ದಿನ ಎಸೆಯುವುದಕ್ಕಿಂತ ಓಡುವುದೇ ಕ್ಷೇಮ, ಜೊತೆಗೆ ದೇಶದ ಅತ್ಯುತ್ತಮ ಓಟಗಾರರಲ್ಲಿ ಒಬ್ಬರಾದ ಎಜೆಕಿಯಲ್ ಎಲಿಯಟ್ ಕೈಯಲ್ಲಿದ್ದರು. ಅವರಿಗೆ ಚೆಂಡು ಸಿಕ್ಕಿದ್ದು ಹನ್ನೆರಡೇ ಸಲ. ತಂಡ ಇಡೀ ಪಂದ್ಯದಲ್ಲಿ ಮುಂದೆ ಹೋದದ್ದು 132 ಗಜ, ಸೋತದ್ದು 17-14ರಿಂದ, ಕೊನೆಯ ಕ್ಷಣದ ಫೀಲ್ಡ್ ಗೋಲ್‌ನಿಂದ (ಚೆಂಡನ್ನು ಒದ್ದು ಕಂಬಗಳ ನಡುವೆ ದಾಟಿಸುವುದು). ಪಂದ್ಯದ ನಂತರ ಎಲಿಯಟ್ ಅವರೇ ಆಟದ ಆಯ್ಕೆಯ ಬಗ್ಗೆ ಬಹಿರಂಗವಾಗಿ ಬೇಸರ ತೋಡಿಕೊಂಡರು. ಆ ತಂಡದಿಂದ ಮುಂದಿನ ವರ್ಷ ವೃತ್ತಿಪರ ಲೀಗ್‌ಗೆ ಹನ್ನೆರಡು ಮಂದಿ ಆಯ್ಕೆಯಾದರು, ಅವರಲ್ಲಿ ಐವರು ಮೊದಲ ಸುತ್ತಿನಲ್ಲೇ. ಪ್ರತಿಭೆ ಸಾಲದೆ ಸೋತರು ಎನ್ನುವಂತೆಯೇ ಇರಲಿಲ್ಲ.

ಅಭಿಮಾನಿಗಳು ಸರಿ ಎಂಬುದಕ್ಕೆ ಮೆಯರ್ ಮಾಡಿದ ಬದಲಾವಣೆಗಿಂತ ಬೇರೆ ಸಾಕ್ಷಿ ಬೇಡ. ಆ ವರ್ಷ ಹಿಂದಿನ ಕೋಆರ್ಡಿನೇಟರ್ ಟಾಮ್ ಹರ್ಮನ್ ಹ್ಯೂಸ್ಟನ್‌ಗೆ ಮುಖ್ಯ ಕೋಚ್ ಆಗಿ ಹೋಗಿದ್ದರು, ಅವರ ಕೆಲಸವನ್ನು ಎಡ್ ವಾರಿನರ್ ಮತ್ತು ಟಿಮ್ ಬೆಕ್ ಹಂಚಿಕೊಂಡಿದ್ದರು. ಸೋಲಿನ ಮರುವಾರ ವಾರಿನರ್‌ರನ್ನು ಮೈದಾನದಂಚಿನಿಂದ ಮೇಲಿನ ಕೊಠಡಿಗೆ ಕಳಿಸಿದರು. ಎಲಿಯಟ್‌ಗೆ ಮೂವತ್ತು ಸಲ ಚೆಂಡು ಕೊಟ್ಟರು. ಅವರು 214 ಗಜ ಓಡಿದರು. ಮಿಶಿಗನ್ ವಿರುದ್ಧ 42-13ರ ಗೆಲುವು.

ಹಾಗೆಂದು ಓಡುವುದೇ ಯಾವಾಗಲೂ ಸರಿ ಎಂದಲ್ಲ. ಒಂಬತ್ತು ವರ್ಷದ ನಂತರ ಅದೇ ಊರಿನ ಜನ ಇದಕ್ಕೆ ತದ್ವಿರುದ್ಧವಾದ ದೂರು ಹೇಳಿದರು. 2024ರ ನವೆಂಬರ್ 30. ದೇಶದ ಎರಡನೇ ಸ್ಥಾನದ ಒಹಾಯೊ ಸ್ಟೇಟ್, ಆ ಹೊತ್ತಿಗೆ ಆರು ಗೆದ್ದು ಐದು ಸೋತಿದ್ದ ಮಿಶಿಗನ್. ಕೋಚ್ ರಯಾನ್ ಡೇ ಆ ವರ್ಷ ಆಟ ಆರಿಸುವ ಹೊಣೆಯನ್ನು ಚಿಪ್ ಕೆಲ್ಲಿ ಅವರಿಗೆ ವಹಿಸಿದ್ದರು. ತಂಡದಲ್ಲಿ ಜೆರೆಮಾಯಾ ಸ್ಮಿತ್, ಎಮೆಕಾ ಎಗ್ಬೂಕಾರಂಥ ರಿಸೀವರ್‌ಗಳು. ಮಿಶಿಗನ್‌ನ ಬಲ ಮೈದಾನದ ನಟ್ಟನಡುವೆ ನಿಲ್ಲುವ ಮೇಸನ್ ಗ್ರಹಾಂ ಮತ್ತು ಕೆನೆತ್ ಗ್ರಾಂಟ್. ಮುಂದೆ ಇಬ್ಬರೂ ವೃತ್ತಿಪರ ಲೀಗ್‌ಗೆ ಮೊದಲ ಸುತ್ತಿನಲ್ಲೇ ಆಯ್ಕೆಯಾದರು. ಮಿಶಿಗನ್‌ನ ಅತ್ಯುತ್ತಮ ಕಾರ್ನರ್‌ಬ್ಯಾಕ್ (ರಿಸೀವರ್‌ಗಳನ್ನು ಕಾಯುವ ರಕ್ಷಕ) ವಿಲ್ ಜಾನ್ಸನ್ ಗಾಯದಿಂದ ಆಡುತ್ತಿರಲಿಲ್ಲ. ಇತ್ತ ಒಹಾಯೊ ಸ್ಟೇಟ್ ಕ್ವಾರ್ಟರ್‌ಬ್ಯಾಕ್ ಮುಂದೆ ಅಡ್ಡ ನಿಲ್ಲುವ ಸಾಲಿನ ಎಡಬದಿಯ ಲೆಫ್ಟ್ ಟ್ಯಾಕಲ್ ಜಾಶ್ ಸಿಮನ್ಸ್‌ ಮತ್ತು ಅದೇ ಸಾಲಿನ ನಟ್ಟನಡುವಿನ ಸೆಂಟರ್ ಸೆತ್ ಮೆಕ್‌ಲಾಫ್ಲಿನ್‌ ಇಬ್ಬರನ್ನೂ ಗಾಯಕ್ಕೆ ಕಳೆದುಕೊಂಡಿತ್ತು. ಅಂದರೆ ತನ್ನ ದುರ್ಬಲ ಜಾಗ, ಎದುರಾಳಿಯ ಗಟ್ಟಿ ಜಾಗ, ಎರಡೂ ಒಂದೇ: ನಡುವೆ. ಅಲ್ಲಿಗೇ ಮತ್ತೆ ಮತ್ತೆ ಓಡಿಸಿದರು. 26 ಓಟ, 77 ಗಜ. ದ್ವಿತೀಯಾರ್ಧದಲ್ಲಿ ಒಂದು ಅಂಕವೂ ಬರಲಿಲ್ಲ. 13-10ರ ಸೋಲು, ಮಿಶಿಗನ್ ಎದುರು ಸತತ ನಾಲ್ಕನೆಯದು.

ಕೋಚ್ ಪರವಾಗಿಯೂ ಒಂದು ವಾದವಿದೆ. ಆ ವರ್ಷ ದೇಶದಲ್ಲೇ ಅತಿ ಕಡಿಮೆ ಅಂಕ ಬಿಟ್ಟುಕೊಟ್ಟ ರಕ್ಷಣೆ ಅವರದು. ಹಾಗಿರುವಾಗ ಚೆಂಡು ಎಸೆದು ಕಳೆದುಕೊಳ್ಳುವ ಅಪಾಯ ಯಾಕೆ ತಗೊಳ್ಳಬೇಕು ಎಂದು ಯೋಚಿಸಿದ್ದರೆ ಆಶ್ಚರ್ಯವಿಲ್ಲ. ಕ್ವಾರ್ಟರ್‌ಬ್ಯಾಕ್ ವಿಲ್ ಹೊವರ್ಡ್ ಅಂದು ಎರಡು ಪಾಸ್‌ಗಳನ್ನು ಎದುರಾಳಿಗೆ ಒಪ್ಪಿಸಿದ್ದೂ ನಿಜ, ಎರಡು ಫೀಲ್ಡ್ ಗೋಲ್ ತಪ್ಪಿದ್ದೂ ನಿಜ. ಆದರೂ ನಾನು ಅಭಿಮಾನಿಗಳ ಕಡೆಗೇ ನಿಲ್ಲುತ್ತೇನೆ. ಅವರ ದೂರು ಸ್ಕೋರ್‌ಬೋರ್ಡ್ ನೋಡಿ ಹುಟ್ಟಿದ್ದಲ್ಲ. ಯಾರು ಗಾಯಗೊಂಡಿದ್ದಾರೆ, ಎದುರಾಳಿಯ ಬಲ ಎಲ್ಲಿದೆ, ಮೊದಲಾರ್ಧದಲ್ಲಿ ಏನು ನಡೆಯಲಿಲ್ಲ, ಇವೆಲ್ಲ ಪಂದ್ಯ ನಡೆಯುವಾಗಲೇ ಎಲ್ಲರಿಗೂ ತಿಳಿದಿದ್ದ ಸಂಗತಿಗಳು. ಇಲ್ಲಿ ಕೋಚ್ ಬಳಿ ಗುಟ್ಟಿನ ಮಾಹಿತಿ ಏನೂ ಬೇಕಿರಲಿಲ್ಲ.

ಮೂರು ವಾರದ ನಂತರ, ರಾಷ್ಟ್ರೀಯ ಕಿರೀಟಕ್ಕಾಗಿ ನಡೆಯುವ ಪ್ಲೇಆಫ್‌ನಲ್ಲಿ ಅದೇ ಡೇ, ಅದೇ ಕೆಲ್ಲಿ, ಅದೇ ಹೊವರ್ಡ್. ಟೆನೆಸ್ಸೀ ವಿರುದ್ಧ ಪಂದ್ಯದ ಮೊದಲ ಕಾಲುಭಾಗದಲ್ಲೇ 21-0, ಚೆಂಡು ಗಾಳಿಯಲ್ಲಿ ಸ್ಮಿತ್ ಕಡೆಗೆ. ಆ ಪಂದ್ಯ 42-17. ಅಜೇಯ ಒರೆಗನ್ ವಿರುದ್ಧ ಒಂದು ಹಂತದಲ್ಲಿ 34-0, ಸ್ಮಿತ್ ಒಬ್ಬರಿಗೇ 187 ಗಜ. ಕ್ವಾರ್ಟರ್‌ಬ್ಯಾಕ್ ಬದಲಾಗಲಿಲ್ಲ, ಆಟ ಬದಲಾಯಿತು. ಹೊವರ್ಡ್‌ರನ್ನು ಕೂರಿಸಿ ಎಂದವರ ಮಾತು ಕೇಳಿದ್ದರೆ ಕಿರೀಟ ಬರುತ್ತಿರಲಿಲ್ಲವೆಂದೇ ನನ್ನ ನಂಬಿಕೆ. ಎಸೆಯಿರಿ ಎಂದವರ ಮಾತು ಪಂದ್ಯ ಪಂದ್ಯಕ್ಕೂ ನಿಜವಾಯಿತು.

ನಿಮ್ಮ ಮಗನ ಜೊತೆ ವಾದ ಮಾಡುವುದಿದ್ದರೆ 2025ರ ಜನವರಿ 20ರ ಫೈನಲ್‌ನ ಒಂದು ಆಟದ ಬಗ್ಗೆ ಕೇಳಿ. ನೋಟರ್ ಡೇಮ್ ಎದುರು 31-23, ಎರಡೂವರೆ ನಿಮಿಷದಷ್ಟು ಉಳಿದಿದೆ, ಮೂರನೇ ಅವಕಾಶ, ಹನ್ನೊಂದು ಗಜ ಬೇಕು. ಓಡಿಸಿ ಸಮಯ ಕಳೆಯುವುದು ರೂಢಿ. ಕೆಲ್ಲಿ ಎಸೆಯಲು ಹೇಳಿದರು, ಹೊವರ್ಡ್ ಉದ್ದಕ್ಕೆ ಎಸೆದರು, ಸ್ಮಿತ್ 56 ಗಜದ ಕ್ಯಾಚ್ ಹಿಡಿದರು. ಪಂದ್ಯ 34-23ಕ್ಕೆ ಮುಗಿಯಿತು. ಈಗ ಮಗನನ್ನು ಕೇಳಿ: ಆ ಕ್ಯಾಚ್ ಕೈತಪ್ಪಿದ್ದರೆ ಅದನ್ನು ಕೆಟ್ಟ ಆಯ್ಕೆ ಎನ್ನುತ್ತಿದ್ದೆಯಾ? ನಾನಂತೂ ಎನ್ನುತ್ತಿರಲಿಲ್ಲ. ದೇಶದ ಅತ್ಯಂತ ಅಪಾಯಕಾರಿ ರಿಸೀವರ್ ಎದುರು ನೋಟರ್ ಡೇಮ್ ಒಬ್ಬನೇ ಒಬ್ಬ ರಕ್ಷಕನನ್ನು ನಿಲ್ಲಿಸಿತ್ತು. ಅದು ಚೆಂಡು ಹೊರಡುವ ಮುನ್ನವೇ ಕಾಣುತ್ತಿತ್ತು.