ಬಿರುಗಾಳಿಯ ಚಿತ್ರಕ್ಕೆ ಎಷ್ಟು ದೂರ ನಿಲ್ಲಬೇಕು?

ಬಿರುಗಾಳಿಯ ಚಿತ್ರ ತೆಗೆಯಲು ಕಲಿಯಬೇಕೆಂದು ಬರುವವರು ಮೊದಲು ಕೇಳುವುದು ಎಷ್ಟು ಹತ್ತಿರ ಹೋಗಬಹುದು ಎಂದು. ಎಷ್ಟು ದೂರ ನಿಂತರೆ ಮೋಡ ಇಡಿಯಾಗಿ ಕಾಣುತ್ತದೆ ಎಂದು ಕೇಳಿದವರು ಕಡಿಮೆ. ಚಿತ್ರದ ಗುಣ ನಿರ್ಧಾರವಾಗುವುದು ಮಾತ್ರ ಹೆಚ್ಚಿನ ಸಲ ಈ ಎರಡನೆಯ ಪ್ರಶ್ನೆಯಿಂದಲೇ.

ಪ್ರಬಲ ಸುಂಟರಗಾಳಿಗಳು ಹುಟ್ಟುವ ದೈತ್ಯ ಮೋಡಕ್ಕೆ ಸೂಪರ್‌ಸೆಲ್ ಎಂದು ಹೆಸರು. ಅದರೊಳಗೆ ಮೇಲಕ್ಕೇರುವ ಗಾಳಿಯ ಕಂಬವೇ ಸುತ್ತುತ್ತಿರುತ್ತದೆ; ನೆತ್ತಿ ಸುಮಾರು 15 ಕಿಲೋಮೀಟರ್ ಎತ್ತರಕ್ಕೆ ಹೋಗಿ ಅಲ್ಲಿ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ. ಇಂಥ ಮೋಡದಿಂದ 5 ಕಿಲೋಮೀಟರ್ ದೂರದಲ್ಲಿ ನಿಂತವನು ನೆತ್ತಿಯನ್ನು ನೋಡಲು ದೃಷ್ಟಿಯನ್ನು 70 ಡಿಗ್ರಿಗೂ ಮೇಲೆತ್ತಬೇಕು. ಲೆನ್ಸಿಗೆ ದಕ್ಕುವುದು ತಳದ ಬೂದು ಚಾವಣಿ ಅಷ್ಟೆ. 15 ಕಿಲೋಮೀಟರಿಗೆ ಸರಿದರೆ ಅದೇ ನೆತ್ತಿ 45 ಡಿಗ್ರಿಗೆ ಇಳಿಯುತ್ತದೆ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ (35 ಮಿಲಿಮೀಟರ್ ಫಿಲ್ಮಿನ ಚೌಕಟ್ಟಿನಷ್ಟೇ ದೊಡ್ಡ ಸೆನ್ಸರ್ ಇರುವಂಥದು) 24 ಮಿಲಿಮೀಟರ್ ಲೆನ್ಸನ್ನು ಅಡ್ಡ ಹಿಡಿದರೂ ಮೇಲಿನಿಂದ ಕೆಳಗೆ ಸುಮಾರು 53 ಡಿಗ್ರಿ ಸಿಗುವುದರಿಂದ, ನೆಲದ ಒಂದು ಪಟ್ಟಿಯೊಂದಿಗೆ ಮೋಡ ಬುಡದಿಂದ ನೆತ್ತಿಯವರೆಗೆ ಚೌಕಟ್ಟಿನೊಳಗೆ ಕೂರುತ್ತದೆ.

ದೂರದಷ್ಟೇ ದಿಕ್ಕೂ ಮುಖ್ಯ. ಅಮೆರಿಕದ ಮಹಾ ಬಯಲಿನಲ್ಲಿ ಇಂಥ ಮೋಡಗಳು ಸಾಮಾನ್ಯವಾಗಿ ಪೂರ್ವಕ್ಕೋ ಈಶಾನ್ಯಕ್ಕೋ ಚಲಿಸುವುದರಿಂದ, ಅನುಭವಿಗಳು ಮೋಡದ ಆಗ್ನೇಯಕ್ಕೆ ನಿಂತು, ದಕ್ಷಿಣಕ್ಕೆ ಜಾರಿಕೊಳ್ಳಲು ಒಂದು ರಸ್ತೆಯನ್ನು ಮೊದಲೇ ನೋಡಿಟ್ಟುಕೊಳ್ಳುತ್ತಾರೆ. ಅಲ್ಲಿಂದ ವಾಯವ್ಯಕ್ಕೆ ನೋಡುವಾಗ ಹಿಂದೆ ಬೆಳಕಿನ ಆಕಾಶವಿದ್ದು ಸುಂಟರಗಾಳಿ ಕಪ್ಪು ಸೊಂಡಿಲಿನಂತೆ ಕಾಣುತ್ತದೆ. ಅದು ಪೂರ್ವಕ್ಕೆ ದಾಟಿ ಹೋದ ಮೇಲೆ ಸಂಜೆಯ ಬಿಸಿಲು ನಮ್ಮ ಬೆನ್ನಿಗೆ ಬಂದಾಗ ಅದೇ ಸೊಂಡಿಲು ಸುಣ್ಣದಷ್ಟು ಬೆಳ್ಳಗಿರುತ್ತದೆ. ಕಪ್ಪಾಗಿ ಕಾಣುವಾಗ ತಳದ ಬೆಳಕಿನ ಸೀಳು ಸುಟ್ಟುಹೋಗದಂತೆ ಎಕ್ಸ್‌ಪೋಶರ್ ಒಂದು ಸ್ಟಾಪ್ ಇಳಿಸಿ, ಅಂದರೆ ಬೆಳಕನ್ನು ಅರ್ಧಕ್ಕೆ ತಗ್ಗಿಸಿ, ಕ್ಯಾಮೆರಾ ಸಂಸ್ಕರಿಸದ ರಾ ಫೈಲಿನಲ್ಲಿ ತೆಗೆಯುವುದು ಲೇಸು. ಆಮೇಲೆ ಕಂಪ್ಯೂಟರಿನಲ್ಲಿ ಇಲ್ಲದ ನೀಲಿ ಬಳಿಯುವ ಚಾಳಿಯ ಬಗ್ಗೆ ನನ್ನ ತಕರಾರು ಹಳೆಯದು.

ಈ ಲೆಕ್ಕಗಳೆಲ್ಲ ತಲೆಕೆಳಗಾಗುವುದೂ ಉಂಟು. 2013ರ ಮೇ 31ರಂದು ಓಕ್ಲಹೋಮದ ಎಲ್ ರೀನೊ ಬಳಿ ಎದ್ದ ಸುಂಟರಗಾಳಿಯ ಅಗಲ ಸುಮಾರು 4.2 ಕಿಲೋಮೀಟರ್, ದಾಖಲಾದವುಗಳಲ್ಲಿ ಅದೇ ಅತ್ಯಂತ ಅಗಲವಾದದ್ದು. ಮಳೆಯ ಪರದೆಯೊಳಗೆ ಅಡಗಿ ದಿಕ್ಕು ಬದಲಿಸಿದ ಅದು, ಸುಂಟರಗಾಳಿಗಳನ್ನು ಬೆನ್ನಟ್ಟುವವರಲ್ಲಿ ಅತ್ಯಂತ ಎಚ್ಚರದವರೆಂದು ಹೆಸರಾಗಿದ್ದ ಟಿಮ್ ಸಮಾರಸ್, ಅವರ ಮಗ ಪಾಲ್ ಮತ್ತು ಸಹೋದ್ಯೋಗಿ ಕಾರ್ಲ್ ಯಂಗ್ ಅವರನ್ನು ಬಲಿ ತೆಗೆದುಕೊಂಡಿತು. ಮಳೆಯಲ್ಲಿ ಮುಚ್ಚಿಹೋದ ಸುಂಟರಗಾಳಿಯ ಕಡೆಗೆ ನಾನು ಗಾಡಿ ತಿರುಗಿಸುವುದೇ ಇಲ್ಲ.

ರಾತ್ರಿಯ ಮಿಂಚಿಗೆ ಬೇರೆಯೇ ಲೆಕ್ಕ. ಮಿಂಚು ಕ್ಷಣಾರ್ಧದಲ್ಲಿ ಮುಗಿಯುವುದರಿಂದ ಶಟರನ್ನು ಎಷ್ಟು ಹೊತ್ತು ತೆರೆದಿಟ್ಟರೂ ಅದರ ಗೆರೆ ಹೆಚ್ಚು ಬೆಳಗುವುದಿಲ್ಲ; ಗೆರೆಯ ಹೊಳಪು ಅಪರ್ಚರ್ (ಲೆನ್ಸಿನ ಕಿಂಡಿಯ ಅಗಲ) ಮತ್ತು ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆ) ಕೈಯಲ್ಲಿದೆ, ಶಟರಿನ ಅವಧಿ ಹಿನ್ನೆಲೆಯನ್ನು ಮಾತ್ರ ಬೆಳಗಿಸುತ್ತದೆ. ಐಎಸ್‌ಒ 100, ಅಪರ್ಚರ್ ಎಫ್ 8, 15 ಸೆಕೆಂಡು ಎಂದು ಆರಂಭಿಸಿ, ಮಿಂಚು ಹತ್ತಿರವಾದಂತೆ ಅಪರ್ಚರನ್ನು ಎಫ್ 11ಕ್ಕೆ ಕಿರಿದಾಗಿಸಬಹುದು. ದೂರದ ದೀಪವೊಂದಕ್ಕೆ ಫೋಕಸ್ ಮಾಡಿ, ಆಟೋಫೋಕಸ್ ಆಫ್ ಮಾಡಿ, ಫೋಕಸ್ ರಿಂಗಿಗೆ ಟೇಪು ಅಂಟಿಸಿಬಿಡಿ. ಮೆನುವಿನಲ್ಲಿ ದೀರ್ಘ ಎಕ್ಸ್‌ಪೋಶರಿನ ನಾಯ್ಸ್ (ಚಿತ್ರದಲ್ಲಿ ಮೂಡುವ ಚುಕ್ಕೆಗಳು) ತಗ್ಗಿಸುವ ಆಯ್ಕೆಯನ್ನೂ ಆಫ್ ಮಾಡಿರಬೇಕು. ನಾನೊಮ್ಮೆ ಅದನ್ನು ಮರೆತಿದ್ದೆ. ಪ್ರತಿ ಚಿತ್ರದ ನಂತರ ಕ್ಯಾಮೆರಾ ಅಷ್ಟೇ ಹೊತ್ತು ಕಣ್ಣು ಮುಚ್ಚಿ ಕತ್ತಲೆಯ ಚಿತ್ರವೊಂದನ್ನು ತೆಗೆಯುತ್ತಾ ಕೂತಿತು. ಆ ರಾತ್ರಿಯ ಅತ್ಯುತ್ತಮ ಮಿಂಚು ಬಡಿದದ್ದು ಅಂಥದೇ ಒಂದು ವಿರಾಮದಲ್ಲಿ.

ಮಿಂಚಿನಿಂದ ಗುಡುಗಿನವರೆಗೆ ಎಣಿಸಿದ ಸೆಕೆಂಡುಗಳನ್ನು 3ರಿಂದ ಭಾಗಿಸಿದರೆ ಕಿಲೋಮೀಟರಿನಲ್ಲಿ ದೂರ ಸಿಗುತ್ತದೆ. ಎಣಿಕೆ 30ಕ್ಕಿಂತ ಕೆಳಗಿಳಿದರೆ ಟ್ರೈಪಾಡನ್ನು ಅಲ್ಲೇ ಬಿಟ್ಟು, ಲೋಹದ ಚಾವಣಿಯ ಕಾರಿನೊಳಗೆ ಗಾಜು ಏರಿಸಿ ಕೂತು, ಶಟರನ್ನು ವೈರ್‌ಲೆಸ್ ರಿಮೋಟಿಗೆ ಒಪ್ಪಿಸಬೇಕು. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಇಳಿಯುವಂತಿಲ್ಲ.

ಹೊರಡುವ ಮುನ್ನ ಕ್ಯಾಮೆರಾದ ಗಡಿಯಾರವನ್ನು ಸರಿಪಡಿಸಿಕೊಳ್ಳಿ, ನಿಂತ ಜಾಗ ಮತ್ತು ನೋಡಿದ ದಿಕ್ಕನ್ನು ಬರೆದಿಡಿ. 1957ರ ಜೂನ್ 20ರಂದು ಉತ್ತರ ಡಕೋಟದ ಫಾರ್ಗೊ ನಗರಕ್ಕೆ ಸುಂಟರಗಾಳಿ ಬಡಿದಾಗ ಜನಸಾಮಾನ್ಯರು ತೆಗೆದಿದ್ದ 100ಕ್ಕೂ ಹೆಚ್ಚು ಚಿತ್ರಗಳನ್ನು ಹವಾಮಾನ ವಿಜ್ಞಾನಿ ಟೆಟ್ಸುಯಾ ಫುಜಿತಾ ಕಲೆಹಾಕಿದ್ದರು. ಯಾರು ಎಲ್ಲಿ ನಿಂತು ಯಾವಾಗ ತೆಗೆದರು ಎಂಬುದನ್ನು ಒಂದೊಂದಾಗಿ ಹೊಂದಿಸಿ ನೋಡಿದಾಗಲೇ, ಸುಂಟರಗಾಳಿ ಇಳಿಯುವ ಜಾಗದಲ್ಲಿ ತಳದಿಂದ ಕೆಳಗೆ ಜೋತುಬೀಳುವ ಮೋಡದ ಗೋಡೆಯನ್ನು ಅವರು ಗುರುತಿಸಿ ಹೆಸರಿಸಿದ್ದು.