ಏಳನೇ ತೂತಿಗೆ ಹೊಗೆ

ಮಳೆಗಾಲಕ್ಕೆ ಮೊದಲು ಜಗಲಿಯ ಮುಂದೆ ಶೀಟ್ ಇಳಿಸುವುದು ನಮ್ಮ ಕಾಸರಗೋಡು ಕಡೆಯ ಮನೆಗಳಲ್ಲಿ ವರ್ಷವೂ ಇರುವ ಕೆಲಸ. ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಬೀಳುವ ಜಾಗ ಇದು. ಎರಚಲು ಒಳಗೆ ಹೊಡೆದರೆ ಜಗಲಿಯಲ್ಲಿ ರಾಶಿ ಹಾಕಿದ ಅಡಿಕೆಗೆ ಬೂಸಲು ಗ್ಯಾರಂಟಿ. ಹಾಗಾಗಿ ಕಳೆದ ಮೇ ತಿಂಗಳಲ್ಲಿ ನಾನೂ ಏಣಿ ಹತ್ತಿದೆ. ಲಿಂಟಲ್‌ನಲ್ಲಿ (ಬಾಗಿಲು ಕಿಟಕಿಯ ಮೇಲಿನ ಕಾಂಕ್ರೀಟ್ ಪಟ್ಟಿ) ಹದಿನಾರು ತೂತು ಕೊರೆಯಬೇಕಿತ್ತು. ಕೈಯಲ್ಲಿ ಇದ್ದದ್ದು 1,400 ರೂಪಾಯಿಯ ಡ್ರಿಲ್. ಅದೇ ಅಂಗಡಿಯಲ್ಲಿ ಹೆಸರುವಾಸಿ ಕಂಪೆನಿಯದ್ದಕ್ಕೆ ಮೂರೂವರೆ ಸಾವಿರ ಹೇಳಿದ್ದರು. ಎರಡೂ ಒಂದೇ ತರ ಕಂಡವು. ಬಣ್ಣ ಮಾತ್ರ ಬೇರೆ.

ಆರು ತೂತು ಸಲೀಸಾಗಿ ಆಯಿತು. ಏಳನೆಯದರಲ್ಲಿ ಬಿಟ್ ಜಲ್ಲಿಗೆ ತಾಗಿತು. ನಾನು ಮೈಭಾರ ಹಾಕಿ ಒತ್ತಿದೆ. ಸದ್ದು ಕುಗ್ಗಿತು. ಮೊದಲು ಸುಟ್ಟ ವಾರ್ನಿಶ್‌ನ ಘಾಟು ಬಂತು, ಆಮೇಲೆ ಗಾಳಿ ಕಿಂಡಿಯಿಂದ ತೆಳ್ಳಗೆ ಹೊಗೆ.

ಪೇಟೆಯಲ್ಲಿ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಒಂದು ವೈಂಡಿಂಗ್ ಅಂಗಡಿ ಇದೆ. ಅಡಿಕೆ ತೋಟದ ಪಂಪ್‌ಗಳೆಲ್ಲ ಕೊನೆಗೆ ಬಂದು ಸೇರುವ ಜಾಗ. ಅಲ್ಲಿಯ ಮೇಸ್ತ್ರಿ ಕನ್ನಡ, ತುಳು, ಮಲಯಾಳ ಮೂರರಲ್ಲೂ ಬೈಯಬಲ್ಲವರು. ಡ್ರಿಲ್‌ನ ಎರಡು ಹೋಳು ಬಿಚ್ಚಿ ಮೇಜಿನ ಮೇಲೆ ಇಟ್ಟರು. ಕಾಯಿಲ್‌ನಿಂದ ತಂತಿಯ ಒಂದು ತುದಿ ಎಳೆದು ಬ್ಲೇಡಿನಿಂದ ಕೆರೆದರು. ಹೊರಗೆ ತಾಮ್ರದ ಕೆಂಪು, ಒಳಗೆ ಬೆಳ್ಳಗೆ ಹೊಳಪು.

"ಮಾಷ್ಟ್ರೇ, ಇದು ತಾಮ್ರ ಅಲ್ಲ, ತಾಮ್ರದ ಬಣ್ಣ."

ಒಳಗಿದ್ದದ್ದು ಅಲ್ಯೂಮಿನಿಯಂ. ಶಾಲೆಯಲ್ಲಿ ವರ್ಷವೂ ನಾನು ಪಾಠ ಮಾಡುವ ವಿಷಯವೇ ಇದು. ಒಂದೇ ದಪ್ಪದ, ಒಂದೇ ಉದ್ದದ ತಂತಿಯಲ್ಲಿ ಅಲ್ಯೂಮಿನಿಯಂನ ತಡೆ ತಾಮ್ರದ್ದಕ್ಕಿಂತ ಸುಮಾರು 60 ಶೇಕಡ ಜಾಸ್ತಿ. ಅಷ್ಟೇ ಕರೆಂಟ್ ಹರಿದರೂ ಬಿಸಿ 60 ಶೇಕಡ ಹೆಚ್ಚು. ತೂಕವೋ, ತಾಮ್ರದ ಮೂರನೇ ಒಂದರಷ್ಟು. ಕೈಯಲ್ಲಿ ಹಿಡಿದಾಗ "ಎಷ್ಟು ಹಗುರ, ಒಳ್ಳೆದಾಯ್ತು" ಅಂತ ನಾನು ಖುಷಿಪಟ್ಟದ್ದು ಇದೇ ಕಾರಣಕ್ಕೆ!

ಡ್ರಿಲ್‌ನ ಒಳಗಿನ ಕತೆಯೆಲ್ಲ ಬಿಸಿಯದ್ದೇ. ತಂತಿಯ ಸುತ್ತುಗಳು ಒಂದಕ್ಕೊಂದು ತಾಗದಂತೆ ಕಾಯುವುದು ಮೇಲಿನ ತೆಳು ಎನಾಮಲ್ ಲೇಪ. ಅದಕ್ಕೆ ತಾಳಿಕೆಯ ದರ್ಜೆಗಳಿವೆ. ಬಿ ದರ್ಜೆ 130 ಡಿಗ್ರಿವರೆಗೆ, ಎಫ್ 155, ಎಚ್ 180. ಮೋಟಾರಿನವರಲ್ಲಿ ಒಂದು ಹಳೆಯ ಅಂದಾಜು ಲೆಕ್ಕ ಇದೆ: ಬಿಸಿ 10 ಡಿಗ್ರಿ ಏರಿದರೆ ಲೇಪದ ಆಯುಷ್ಯ ಅರ್ಧ. 20 ಡಿಗ್ರಿಗೆ ಕಾಲು. 30ಕ್ಕೆ ಎಂಟನೇ ಒಂದು ಪಾಲು. ಮೇಲಿನ ದರ್ಜೆಯ ಲೇಪಕ್ಕೆ, ಗಟ್ಟಿ ತಾಮ್ರಕ್ಕೆ, ಸುತ್ತುಗಳು ಅಲುಗಾಡದಂತೆ ಅಂಟು ಕುಡಿಸುವುದಕ್ಕೆ ದುಡ್ಡು ಬೇಕು. ಬೆಲೆಯ ವ್ಯತ್ಯಾಸದ ದೊಡ್ಡ ಪಾಲು ಹೀಗೆ ಕಣ್ಣಿಗೆ ಕಾಣದ ಕಡೆ ಕೂತಿದೆ.

ಇನ್ನೊಂದು ಸಂಗತಿ ನನಗೆ ಅಂಗಡಿಯಲ್ಲೇ ಹೊಳೆದದ್ದು. ಮೋಟಾರಿಗೆ ಗಾಳಿ ಬೀಸುವ ಫ್ಯಾನು ಅದೇ ಶಾಫ್ಟಿಗೆ ಸಿಕ್ಕಿಸಿದ್ದು. ಒತ್ತಿದಷ್ಟೂ ಶಾಫ್ಟ್ ನಿಧಾನ, ಗಾಳಿಯೂ ಕಡಿಮೆ. ಆಗಲೇ ಕರೆಂಟ್ ಜಾಸ್ತಿ ಎಳೆಯುತ್ತದೆ. ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಅಂದರೆ ತಂಪು ಬೇಕಾದ ಹೊತ್ತಿಗೇ ಬೀಸಣಿಗೆ ಕೈಕೊಡುತ್ತದೆ. ಇಷ್ಟು ಸಾಲದು ಅಂತ ನಾನು ಬಾವಿಯ ಹತ್ತಿರದಿಂದ ಸಪೂರ ವಯರು ಎಳೆದು ತಂದಿದ್ದೆ, ಅದೂ ಸುತ್ತಲಿನ ತೋಟಗಳ ಪಂಪ್‌ಗಳೆಲ್ಲ ಓಡುವ ಹೊತ್ತಿನಲ್ಲಿ. ವೋಲ್ಟೇಜ್ ಬಿದ್ದಾಗ ಇಂಥ ಮೋಟಾರಿನ ವೇಗವೂ ಬೀಳುತ್ತದೆ. ಆಗ ಇನ್ನಷ್ಟು ಒತ್ತುವ ಆಸೆಯಾಗುತ್ತದೆ.

ಮೇಸ್ತ್ರಿ ಹೇಳಿದ ಉಪಾಯ ಸುಲಭದ್ದು. ಒಂದು ಗಟ್ಟಿ ತೂತು ಮುಗಿದ ಮೇಲೆ ಡ್ರಿಲ್ ಆಫ್ ಮಾಡಿ ಕೆಳಗಿಡಬಾರದು. ಬಿಟ್ ಹೊರಗೆ ತೆಗೆದು ಒಂದು ನಿಮಿಷ ಖಾಲಿ ಓಡಿಸಬೇಕು. ಭಾರವಿಲ್ಲ, ವೇಗ ಪೂರ್ತಿ, ಗಾಳಿ ಧಾರಾಳ. ಸುಮ್ನೆ ಇಟ್ಟರೆ ಒಳಗಿನ ಬಿಸಿ ಒಳಗೇ ಉಳಿಯುತ್ತದೆ.

ಡ್ರಿಲ್ ಹೊಸ ವಸ್ತುವೇನಲ್ಲ. 1889ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಆರ್ಥರ್ ಜೇಮ್ಸ್ ಆರ್ನಾಟ್ ಮತ್ತು ವಿಲಿಯಂ ಬ್ರೇನ್ ವಿದ್ಯುತ್ ಡ್ರಿಲ್‌ಗೆ ಪೇಟೆಂಟ್ ಪಡೆದರು. 1895ರಲ್ಲಿ ಜರ್ಮನಿಯ ಫೈನ್ ಕಂಪೆನಿ ಕೈಯಲ್ಲಿ ಹಿಡಿಯುವಂಥದ್ದನ್ನು ಮಾಡಿತು. ಪಿಸ್ತೂಲಿನ ಹಿಡಿ, ಬೆರಳಿನಲ್ಲಿ ಒತ್ತುವ ಸ್ವಿಚ್ಚು ಇರುವ ರೂಪಕ್ಕೆ ಬ್ಲ್ಯಾಕ್ ಅಂಡ್ ಡೆಕ್ಕರ್‌ಗೆ 1917ರಲ್ಲಿ ಪೇಟೆಂಟ್ ಸಿಕ್ಕಿತು. ರೂಪ ಈಗಲೂ ಅದೇ. ವಿನ್ಯಾಸದಲ್ಲಿ ಗುಟ್ಟು ಏನೂ ಉಳಿದಿಲ್ಲ, ಯಾರು ಬೇಕಾದರೂ ನಕಲು ಮಾಡಬಹುದು. ಹಾಗಾಗಿಯೇ ಹೊರಗಿನಿಂದ ನೋಡಿ ಆರಿಸುವುದು ಕಷ್ಟ.

ಪೆಟ್ಟಿಗೆಯ ಮೇಲಿನ ವಾಟ್ ಕೂಡ ಹೆಚ್ಚು ಸಹಾಯ ಮಾಡುವುದಿಲ್ಲ. ಅಲ್ಲಿ ಬರೆಯುವುದು ಗೋಡೆಯಿಂದ ಎಳೆಯುವ ವಿದ್ಯುತ್ತು, ಬಿಟ್ಟಿನ ತುದಿಗೆ ತಲುಪುವುದಲ್ಲ. 600 ವಾಟ್‌ನಲ್ಲಿ ಅರ್ಧದಷ್ಟೇ ಕೆಲಸಕ್ಕೆ ಬರುವುದು ಸಾಮಾನ್ಯ. ಉಳಿದದ್ದು ಬಿಸಿ, ಸದ್ದು. ಕೆಟ್ಟ ಮೋಟಾರಿಗೆ "800 ವಾಟ್" ಅಂತ ಬರೆದರೆ ಅದು ಜಾಸ್ತಿ ಬಿಸಿಯಾಗುತ್ತದೆ ಅಂತಲೂ ಓದಬಹುದು, ಅಲ್ವಾ?

ಹಾಗಂತ ಮೂರೂವರೆ ಸಾವಿರದ್ದು ತಂದಿದ್ದರೆ ಎಲ್ಲ ಸರಿಹೋಗುತ್ತಿತ್ತೇ? ಪೂರ್ತಿ ಅಲ್ಲ. ಹೊಗೆ ಬರುತ್ತಿರಲಿಲ್ಲ, ಆದರೆ ಜಲ್ಲಿಯ ಎದುರು ಅದೂ ಏದುಸಿರು ಬಿಡುತ್ತಿತ್ತು. ನನ್ನ ನಿಜವಾದ ತಪ್ಪು ಜಾತಿಯನ್ನೇ ತಪ್ಪಿ ಆರಿಸಿದ್ದು. ನಾನು ತಂದದ್ದು ಇಂಪ್ಯಾಕ್ಟ್ ಡ್ರಿಲ್. ಇಂಪ್ಯಾಕ್ಟ್ ಡ್ರಿಲ್‌ನ ಒಳಗೆ ಹಲ್ಲುಗಳಿರುವ ಎರಡು ಬಿಲ್ಲೆಗಳು ಒಂದರ ಮೇಲೊಂದು ಜಾರುತ್ತವೆ. ನಿಮಿಷಕ್ಕೆ 40 ಸಾವಿರ ಮೀರಿ ಏಟು ಬೀಳುತ್ತದೆ, ಆದರೆ ಒಂದೊಂದೂ ಕಚಗುಳಿ. ಅದೂ ನಾವು ಒತ್ತಿದಷ್ಟೇ. ರೋಟರಿ ಹ್ಯಾಮರ್ ಬೇರೆ. ಅದರೊಳಗೆ ಪಿಸ್ಟನ್ ಓಡಾಡಿ, ಗಾಳಿಯನ್ನು ಸ್ಪ್ರಿಂಗಿನ ಹಾಗೆ ಅದುಮಿ, ಒಂದು ಉಕ್ಕಿನ ತುಂಡನ್ನು ಚಿಮ್ಮಿಸುತ್ತದೆ. ನಿಮಿಷಕ್ಕೆ 4,000ದಷ್ಟೇ ಏಟು. ಆದರೆ ಒಂದೊಂದೂ ಎರಡೂವರೆ ಜೂಲ್‌ನ ಆಸುಪಾಸು. ಒಂದು ಕಿಲೋ ಕಲ್ಲನ್ನು ಗೇಣಿಗಿಂತ ಚೂರು ಹೆಚ್ಚು ಎತ್ತರದಿಂದ ಬಿಟ್ಟಷ್ಟು. ಜಲ್ಲಿ ಒಡೆಯುವುದು ಇದಕ್ಕೆ.

ಮುರಕಲ್ಲಿನ ಗೋಡೆಗೆ ಇದು ಯಾವುದೂ ಬೇಡ. ಹೊಸದಾಗಿ ಅಗೆದಾಗ ಮೆತ್ತಗಿದ್ದು, ಗಾಳಿ ಬಿಸಿಲಿಗೆ ಬಿಟ್ಟಾಗ ಗಟ್ಟಿಯಾಗುವ ಕಲ್ಲು ಅದು. ನಮ್ಮ ಕಡೆಯ ಪಡ್ರೆ, ಬಾಯಾರಿನ ನೀರಿನ ಸುರಂಗಗಳನ್ನು ನಮ್ಮ ಹಿರಿಯರು ಬರೀ ಪಿಕ್ಕಾಸಿಯಲ್ಲಿ ಕೊರೆದದ್ದು ಈ ಗುಣದಿಂದಲೇ. ಮುರಕಲ್ಲಿಗೆ ಹ್ಯಾಮರ್ ಇಟ್ಟರೆ ತೂತಿನ ಅಂಚು ಉದುರಿ ಸ್ಕ್ರೂ ಕೂರುವ ಪ್ಲಗ್ ಸಡಿಲವಾಗುತ್ತದೆ. ಬರೀ ತಿರುಗಿಸಿದರೆ ಸಾಕು, ಅದಕ್ಕೆ 1,400ರ ಡ್ರಿಲ್ ಧಾರಾಳ. ಹುಡಿ ಮಾತ್ರ ಜೋಪಾನ. ಆ ಕೆಂಪು ಹುಡಿ ಬೇರಿಂಗಿನ ಗ್ರೀಸಿಗೆ ಸೇರಿದರೆ ಅರೆಯುವ ಪೇಸ್ಟ್ ಆಗುತ್ತದೆ. ಒಳ್ಳೆಯ ಕಂಪೆನಿಯವರು ಎರಡೂ ತುದಿಗೆ ಸೀಲ್ ಇರುವ ಬಾಲ್ ಬೇರಿಂಗ್ ಹಾಕುತ್ತಾರೆ. ಅಗ್ಗದ್ದರಲ್ಲಿ ಒಂದು ತುದಿಗೆ ಬುಶ್, ಅಂದರೆ ಗುಂಡುಗಳಿಲ್ಲದ ಬರೀ ಬಳೆ, ಇದ್ದರೂ ಆಶ್ಚರ್ಯವಿಲ್ಲ. ಬುಶ್ ಸವೆದರೆ ಆರ್ಮೇಚರ್ (ಮೋಟಾರಿನ ತಿರುಗುವ ಭಾಗ) ಓಲಾಡಿ ಪಕ್ಕಕ್ಕೆ ಉಜ್ಜುತ್ತದೆ.

ವರ್ಷಕ್ಕೆ ಹತ್ತಿಪ್ಪತ್ತು ತೂತು ಕೊರೆಯುವ ಮನೆಗೆ ಅಗ್ಗದ ಡ್ರಿಲ್ ತಪ್ಪಲ್ಲ ಅನ್ನುವುದು ನನ್ನ ಅಭಿಪ್ರಾಯ. ಉಳಿದ ದುಡ್ಡಿನಲ್ಲಿ ಒಳ್ಳೆಯ ಕಾರ್ಬೈಡ್ ತುದಿಯ ಬಿಟ್ ತನ್ನಿ. ಮೊಂಡು ಬಿಟ್ ಹಾಕಿದ ದುಬಾರಿ ಡ್ರಿಲ್‌ಗಿಂತ ಚೂಪು ಬಿಟ್ ಹಾಕಿದ ಅಗ್ಗದ್ದು ಬೇಗ ಕೊರೆಯುತ್ತದೆ. ದಿನವಿಡೀ ಕೆಲಸ ಮಾಡುವ ವಯರಿಂಗ್‌ನವರ ಲೆಕ್ಕ ಬೇರೆ. ರಿಪೇರಿಯಲ್ಲಿ ಒಂದು ತಮಾಷೆಯೂ ಇದೆ. ಹೆಸರುವಾಸಿ ಮಾಡೆಲ್‌ಗಳ ನಕಲಿಗೆ ಆರ್ಮೇಚರ್, ಅದಕ್ಕೆ ಕರೆಂಟ್ ದಾಟಿಸುವ ಕಾರ್ಬನ್ ಬ್ರಶ್ ಪೇಟೆಯಲ್ಲೇ ಸಿಗುತ್ತದೆ. ಮೇಲ್ದರ್ಜೆಯ ಕೆಲವು ಅಪರೂಪದ ಮಾಡೆಲ್‌ಗಳಿಗೆ ಮಂಗಳೂರಿಗೇ ಹೋಗಬೇಕಾದೀತು.

ಗ್ರೈಂಡರ್‌ನಲ್ಲಿ (ಅಡುಗೆಮನೆಯದ್ದಲ್ಲ, ಡಿಸ್ಕ್ ತಿರುಗಿಸಿ ಕೊಯ್ಯುವಂಥದ್ದು) ಮಾತ್ರ ದುಡ್ಡು ಉಳಿಸಲು ಹೋಗಬೇಡಿ. 100 ಮಿ.ಮೀ. ಡಿಸ್ಕ್ ನಿಮಿಷಕ್ಕೆ 11,000 ಸುತ್ತು ತಿರುಗಿದರೆ ಅಂಚಿನ ವೇಗ ಗಂಟೆಗೆ 200 ಕಿಲೋಮೀಟರ್ ದಾಟುತ್ತದೆ. ಡಿಸ್ಕ್ ಒಡೆದರೆ ಚೂರು ಆ ವೇಗದಲ್ಲೇ ಮುಖಕ್ಕೆ ಬರುವುದು. ಅಗ್ಗದ್ದರಲ್ಲಿ ಜಾರಿಸುವ ಸ್ವಿಚ್ಚು ಹುಡಿ ಕೂತು ಸಿಕ್ಕಿಕೊಂಡರೆ ಆಫ್ ಮಾಡಲು ಪ್ಲಗ್‌ವರೆಗೆ ಓಡಬೇಕು. ಗಾರ್ಡ್ ಕಳಚಿ ದೊಡ್ಡ ಡಿಸ್ಕ್ ಹಾಕುವವರನ್ನು, ಮರ ಕೊಯ್ಯುವ ಹಲ್ಲಿನ ಬ್ಲೇಡ್ ಹಾಕುವವರನ್ನು ನೋಡಿದರೆ ನನಗೆ ಹೊಟ್ಟೆ ತೊಳಸುತ್ತದೆ.

ಮೇಸ್ತ್ರಿಯ ಮೇಜಿನ ಮೇಲೆ ಅವತ್ತು ವಯರಿಲ್ಲದ ಡ್ರಿಲ್ಲಿನ ಒಂದು ಬ್ಯಾಟರಿ ಪ್ಯಾಕ್ ಕೂಡ ಬಿಚ್ಚಿಕೊಂಡು ಬಿದ್ದಿತ್ತು. ಮೇಲೆ ದಪ್ಪ ಅಕ್ಷರದಲ್ಲಿ "88 ವಿ" ಅಂತ ಸ್ಟಿಕ್ಕರ್. ಒಳಗೆ ಎಣಿಸಿದೆವು. ಬೆರಳುದ್ದದ ಸೆಲ್ ಹತ್ತು. ಐದೈದರ ಎರಡು ಸಾಲನ್ನು ಜೋಡಿ ಮಾಡಿದ್ದರು. ಲಿಥಿಯಂ ಸೆಲ್ ಒಂದಕ್ಕೆ 3.6 ವೋಲ್ಟ್, ಐದಕ್ಕೆ 18. ಪೂರ್ತಿ ಚಾರ್ಜ್ ಆದಾಗ 4.2ರಂತೆ 21. ಹಾಗಾಗಿ 18, 20, 21 ಅಂತ ಬರೆದ ಡ್ರಿಲ್‌ಗಳೆಲ್ಲ ಒಂದೇ. ಎರಡನೇ ಸಾಲು ಸೇರಿದರೆ ಹೆಚ್ಚು ಹೊತ್ತು ಬರುತ್ತದೆ, ವೋಲ್ಟೇಜ್ ಏರುವುದಿಲ್ಲ. ನಿಜವಾಗಿ 88 ಬೇಕಾದರೆ ಪೂರ್ತಿ ಚಾರ್ಜಿನ ಲೆಕ್ಕದಲ್ಲೂ 21 ಸೆಲ್ ಸಾಲಾಗಿ ಬೇಕು. ಅಷ್ಟು ಸೆಲ್ ಆ ಡಬ್ಬಿಯೊಳಗೆ ಹಿಡಿಸುವುದೇ ಇಲ್ಲ. ಹೋಲಿಸಬೇಕಾದರೆ ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿ. 18 ವೋಲ್ಟ್, 4 ಆಂಪಿಯರ್-ಅವರ್ ಅಂದರೆ 72 ವಾಟ್-ಅವರ್.

"ಮುಂದಿನ ಸಲ ಹೇಗೆ ನೋಡಿ ತರುವುದು?" ಅಂತ ಕೇಳಿದೆ. ಅವರು ಇನ್ನೊಂದು ಡ್ರಿಲ್ ಎತ್ತಿ ಕೊಟ್ಟರು. ಬಿಟ್ ಕಚ್ಚುವ ಚಕ್ ಹಿಡಿದು ಮೇಲೆ ಕೆಳಗೆ ಅಲುಗಿಸು, ಲಡಲಡ ಅಂದರೆ ಬೇಡ. ಓಡಿಸಿ ಬಿಟ್ಟುಬಿಡು, ನಿಲ್ಲುವಾಗ ಕಿರಿಕಿರಿ ಸದ್ದು ಬರಬಾರದು. ಕಿಂಡಿಯಿಂದ ಕಾರ್ಬನ್ ನೋಡು, ಸಣ್ಣ ನೀಲಿ ಕಿಡಿ ಇರಬಹುದು, ಬೆಂಕಿಯ ಬಳೆ ತಿರುಗಬಾರದು. ತಗಡಿನ ಮೇಲೆ ಚೌಕದೊಳಗೆ ಚೌಕದ ಗುರುತು ಉಂಟಾ ನೋಡು, ಅದು ಎರಡು ಪದರದ ಇನ್ಸುಲೇಶನ್‌ನದ್ದು. ಆಮೇಲೆ ತೂಗಿ ನೋಡು.

ನನ್ನ ಡ್ರಿಲ್‌ಗೆ ತಾಮ್ರ ಸುತ್ತಿಸಲು ಹೊಸದರ ಅರ್ಧ ಬೆಲೆ ಬೀಳುತ್ತಿತ್ತು. ಬೇಡ ಅಂದೆ. ಅವರಲ್ಲಿಂದಲೇ ರೋಟರಿ ಹ್ಯಾಮರ್ ಒಂದು ದಿನದ ಬಾಡಿಗೆಗೆ ತಂದೆ. ಉಳಿದ ಹತ್ತು ತೂತು, ಅರ್ಧಕ್ಕೆ ನಿಂತ ಏಳನೆಯದೂ ಸೇರಿ, ಚಹಾ ಆರುವ ಮೊದಲು ಮುಗಿಯಿತು. ಸಂಜೆ ಪಕ್ಕದ ಮನೆಯವರು ಬಂದು ಅದೇ ಬಾಡಿಗೆಯಲ್ಲಿ ತಮ್ಮ ಜಗಲಿಗೂ ಎಂಟು ತೂತು ಹೊಡೆದುಕೊಂಡರು.