ಫ್ರಟರ್ನಿಟಿ ಚಾಪ್ಟರ್: ಜೊತೆಯಲ್ಲಿ ಹುಟ್ಟದವರ ಒಡಹುಟ್ಟು

ಅಮೆರಿಕದ ಸಿನಿಮಾಗಳನ್ನು ನೋಡಿದವರಿಗೆ ‘ಫ್ರಟರ್ನಿಟಿ’ ಎಂದೊಡನೆ ಕಣ್ಣಮುಂದೆ ಬರುವುದು ಕಾಲೇಜಿನ ಪಕ್ಕದ ಒಂದು ದೊಡ್ಡ ಮನೆ, ಅದರ ಬಾಗಿಲ ಮೇಲೆ ಗ್ರೀಕ್ ಅಕ್ಷರಗಳು, ಒಳಗೆ ರಾತ್ರಿಯಿಡೀ ಗದ್ದಲ. ಆದರೆ ಪದದ ಬೇರು ನಮಗೆ ಬಹಳ ಹತ್ತಿರದ್ದು. ಲ್ಯಾಟಿನ್ನಿನ ‘ಫ್ರಾಟೆರ್’ ಮತ್ತು ಸಂಸ್ಕೃತದ ‘ಭ್ರಾತೃ’ ಒಂದೇ ಮೂಲದಿಂದ ಕವಲೊಡೆದ ಮಾತುಗಳು. ನಮ್ಮ ಸಂವಿಧಾನದ ಪೀಠಿಕೆಯ ಇಂಗ್ಲಿಷ್ ಪಾಠದಲ್ಲಿಯೂ ಇದೇ ಪದವಿದೆ. ಒಂದೇ ತಾಯಿಯ ಮಕ್ಕಳಲ್ಲದವರು ಅಣ್ಣತಮ್ಮಂದಿರಾಗಿ ಬಾಳುತ್ತೇವೆಂದು ಪರಸ್ಪರ ಮಾತು ಕೊಟ್ಟು ಕಟ್ಟಿಕೊಳ್ಳುವ ಬಳಗಕ್ಕೆ ಫ್ರಟರ್ನಿಟಿ ಎಂದು ಹೆಸರು.

‘ಚಾಪ್ಟರ್’ ಎಂದರೆ ನಮಗೆ ಪುಸ್ತಕದ ಅಧ್ಯಾಯ. ಅದು ಸಂಘದ ಶಾಖೆಯೂ ಆದ ಕಥೆ ಸೊಗಸಾಗಿದೆ. ಯುರೋಪಿನ ಕ್ರೈಸ್ತ ಮಠಗಳಲ್ಲಿ ಸನ್ಯಾಸಿಗಳು ದಿನವೂ ಒಂದೆಡೆ ಸೇರಿ ತಮ್ಮ ನಿಯಮಗ್ರಂಥದ ಒಂದು ಅಧ್ಯಾಯವನ್ನು ಓದಿಸಿ ಕೇಳುತ್ತಿದ್ದರು. ಬರುಬರುತ್ತಾ ಆ ಸಭೆಗೂ, ಸಭೆ ಸೇರುವ ಮಂದಿಗೂ ಅಧ್ಯಾಯದ ಹೆಸರೇ ನಿಂತುಬಿಟ್ಟಿತು. ದೇಶದಾದ್ಯಂತ ಹರಡಿದ ಫ್ರಟರ್ನಿಟಿಯ ಒಂದು ಕಾಲೇಜಿನ ಘಟಕವೇ ಅದರ ಚಾಪ್ಟರ್.

ಗ್ರೀಕ್ ಅಕ್ಷರಗಳನ್ನು ಹೆಸರಾಗಿ ಇಟ್ಟುಕೊಳ್ಳುವ ರೂಢಿ 1776ರ ಡಿಸೆಂಬರ್ 5ರಂದು ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ಹುಟ್ಟಿದ ‘ಫೈ ಬೀಟಾ ಕಪ್ಪಾ’ದಿಂದ ಬಂದದ್ದು. ಜ್ಞಾನದ ಮೇಲಿನ ಪ್ರೀತಿಯೇ ಬಾಳಿನ ಚುಕ್ಕಾಣಿ ಹಿಡಿಯಲಿ ಎಂಬ ಅರ್ಥದ ಗ್ರೀಕ್ ಮಾತಿನ ಮೊದಲಕ್ಷರಗಳವು. ಮುಂದಿನ ಶತಮಾನದಲ್ಲಿ ಇಂಥ ಸಂಘಗಳು ಊರೂರಿನ ಕಾಲೇಜುಗಳಲ್ಲಿ ತಲೆಯೆತ್ತಿದವು. ಆದರೆ ಆ ಅಣ್ಣತಮ್ಮಂದಿರ ಮನೆಗಳಲ್ಲಿ ಕಪ್ಪು ವಿದ್ಯಾರ್ಥಿಗಳಿಗೆ ಜಾಗವಿರಲಿಲ್ಲ. ಚಾಪ್ಟರ್ ಎಂಬ ಪದದ ತೂಕ ತಿಳಿಯಬೇಕಾದರೆ ಹೀಗೆ ಹೊರಗುಳಿದವರು ಕಟ್ಟಿಕೊಂಡ ಒಂದು ಚಾಪ್ಟರನ್ನೇ ನೋಡಬೇಕು ಎಂಬುದು ನನ್ನ ನಂಬಿಕೆ. ಅದು ನ್ಯೂಯಾರ್ಕ್ ರಾಜ್ಯದ ಇಥಾಕಾ ಊರಿನ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ‘ಆಲ್ಫಾ ಫೈ ಆಲ್ಫಾ’ದ ಮೊದಲ ಚಾಪ್ಟರ್.

1904-05ರಲ್ಲಿ ಕಾರ್ನೆಲ್‌ನಲ್ಲಿ ಓದುತ್ತಿದ್ದ ಆರು ಮಂದಿ ಕಪ್ಪು ವಿದ್ಯಾರ್ಥಿಗಳು ಮರುವರ್ಷ ಹಿಂದಿರುಗಲಿಲ್ಲ. ತರಗತಿಯಲ್ಲಿ ಕೂರಲು ಅವಕಾಶವಿದ್ದರೂ ತರಗತಿಯ ಆಚೆ ಅವರಿಗೆ ಯಾರೂ ಇರಲಿಲ್ಲ. ಹಳೆಯ ಟಿಪ್ಪಣಿ ಕೊಡುವವರು, ಪರೀಕ್ಷೆಯ ಹಿಂದಿನ ರಾತ್ರಿ ಜೊತೆಗೆ ಕುಳಿತು ಓದುವವರು, ಊರಿನ ನೆನಪಾದಾಗ ಮಾತಾಡಿಸುವವರು ಒಬ್ಬರೂ ಇಲ್ಲದ ಚಳಿಯೂರಿನಲ್ಲಿ ಓದು ಎಷ್ಟು ದಿನ ನಡೆದೀತು? ಉಳಿದವರು ಮೊದಲು ಒಂದು ಸಾಹಿತ್ಯಕೂಟವನ್ನು ಕಟ್ಟಿಕೊಂಡರು. ಅವರಲ್ಲಿ ಕೆಲವರು ಹೊಟ್ಟೆಪಾಡಿಗಾಗಿ ಬಿಳಿಯರ ಫ್ರಟರ್ನಿಟಿ ಮನೆಗಳಲ್ಲಿಯೇ ಕೆಲಸ ಮಾಡುತ್ತಿದ್ದರು. ಒಟ್ಟಾಗಿ ಬಾಳುವುದರಿಂದ ಎಷ್ಟು ಬಲ ಬರುತ್ತದೆ ಎಂಬುದನ್ನು ಅವರು ಕಂಡದ್ದು ಆ ಮನೆಗಳ ಒಳಗೆ, ಆಳುಗಳಾಗಿ ನಿಂತು.

ಕೂಟವನ್ನು ಫ್ರಟರ್ನಿಟಿಯಾಗಿ ಮಾರ್ಪಡಿಸುವ ವಿಚಾರ ಸುಲಭವಾಗಿ ತೀರ್ಮಾನವಾಗಲಿಲ್ಲ. ಕೂಟದ ಮುಂದಾಳು ಪಾಯಿಂಡೆಕ್ಸ್‌ಟರ್ ಅವರಿಗೇ ಅದು ಒಪ್ಪಿಗೆಯಿರಲಿಲ್ಲ. ಕೊನೆಗೆ 1906ರ ಡಿಸೆಂಬರ್ 4ರಂದು ನಿರ್ಧಾರವಾಯಿತು. ಹೆನ್ರಿ ಕ್ಯಾಲಿಸ್, ಚಾರ್ಲ್ಸ್ ಚಾಪ್ಮನ್, ಯೂಜೀನ್ ಕಿಂಕಲ್ ಜೋನ್ಸ್, ಜಾರ್ಜ್ ಕೆಲ್ಲಿ, ನಥಾನಿಯಲ್ ಮರ್ರೆ, ರಾಬರ್ಟ್ ಓಗಲ್, ವರ್ಟ್ನರ್ ಟ್ಯಾಂಡಿ ಎಂಬ ಏಳು ಮಂದಿ ಸ್ಥಾಪಕರನ್ನು ಸಂಘದವರು ಇಂದಿಗೂ ‘ಏಳು ರತ್ನಗಳು’ ಎಂದೇ ಕರೆಯುತ್ತಾರೆ. ಟ್ಯಾಂಡಿ ಮುಂದೆ ನ್ಯೂಯಾರ್ಕ್ ರಾಜ್ಯದಲ್ಲಿ ನೋಂದಣಿ ಪಡೆದ ಮೊದಲ ಕಪ್ಪು ವಾಸ್ತುಶಿಲ್ಪಿಯಾದರು. ಕ್ಯಾಲಿಸ್ ವೈದ್ಯರಾದರು. ಜೋನ್ಸ್ ಕಪ್ಪು ಜನರ ಏಳಿಗೆಗಾಗಿ ದುಡಿಯುವ ನ್ಯಾಷನಲ್ ಅರ್ಬನ್ ಲೀಗ್ ಸಂಸ್ಥೆಯನ್ನು ಮುನ್ನಡೆಸಿದರು.

ಅವರು ಬರೆದಿಟ್ಟುಕೊಂಡ ಧ್ಯೇಯಗಳು ಮೂರು: ಪೌರುಷದ ಕಾರ್ಯ, ವಿದ್ವತ್ತು, ಸಕಲ ಮಾನವರ ಮೇಲೆ ಪ್ರೀತಿ. ಮೊದಲ ಎರಡನ್ನು ಯಾವ ಸಂಘ ಬೇಕಾದರೂ ಬರೆದುಕೊಂಡೀತು. ಮೂರನೆಯದರ ಮುಂದೆ ನಾನು ಪ್ರತಿಸಲವೂ ನಿಲ್ಲುತ್ತೇನೆ. ತಮ್ಮನ್ನು ಹೊಸ್ತಿಲಾಚೆ ನಿಲ್ಲಿಸಿದವರನ್ನೂ ಒಳಗೊಳ್ಳುವ ಪ್ರೀತಿಯನ್ನು ಇಪ್ಪತ್ತರ ಆಸುಪಾಸಿನ ಹುಡುಗರು ನಿಯಮವಾಗಿ ಬರೆದುಕೊಂಡರು. ಮಾತು ಕಾಗದದಲ್ಲಿಯೇ ಉಳಿಯಲಿಲ್ಲ. 1945ರ ಹೊತ್ತಿಗೆ ಈ ಫ್ರಟರ್ನಿಟಿ ಎಲ್ಲ ಜನಾಂಗದವರಿಗೂ ಬಾಗಿಲು ತೆರೆದಿತ್ತು. ‘ಎಲ್ಲರಿಗಿಂತ ಮೊದಲಿಗರು, ಎಲ್ಲರ ಸೇವಕರು, ಎಲ್ಲವನ್ನೂ ಮೀರಿ ನಡೆಯುವವರು’ ಎಂಬ ಅರ್ಥ ಕೊಡುವ ಅವರ ಘೋಷವಾಕ್ಯದ ನಡುವಿನ ಮಾತು ಅದರ ಜೀವಾಳ.

ಆ ಸೇವೆ ಎಂಥದ್ದು ಎಂಬುದಕ್ಕೆ ಒಂದು ರೈಲಿನ ಪ್ರಸಂಗವನ್ನು ಹೇಳಲೇಬೇಕು. 1942ರಲ್ಲಿ ಎಲ್ಮರ್ ಹೆಂಡರ್ಸನ್ ಎಂಬ ಕಪ್ಪು ಸರ್ಕಾರಿ ನೌಕರರು ವಾಷಿಂಗ್ಟನ್‌ನಿಂದ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ಗೆ ಹೊರಟಿದ್ದರು. ಊಟದ ಬೋಗಿಯಲ್ಲಿ ಕಪ್ಪು ಜನರಿಗೆಂದು ಪರದೆ ಎಳೆಯುವ ಮೇಜುಗಳಿದ್ದವು. ಅಲ್ಲಿಯೂ ಬಿಳಿಯರು ಕುಳಿತಿದ್ದರು. ಒಂದು ಕುರ್ಚಿ ಖಾಲಿಯಿದ್ದರೂ ಹೆಂಡರ್ಸನ್ ಅವರಿಗೆ ಊಟ ಬಡಿಸಲಿಲ್ಲ. ಪಂಕ್ತಿಭೇದವನ್ನು ಕಂಡುಂಡ ನಾಡಿನವರಾದ ನಮಗೆ ಆ ಪರದೆಯ ಅರ್ಥವನ್ನು ಬೇರೆಯವರು ಬಿಡಿಸಿ ಹೇಳಬೇಕಾಗಿಲ್ಲ. ಹೆಂಡರ್ಸನ್ ಪರವಾಗಿ ಆಲ್ಫಾ ಫೈ ಆಲ್ಫಾ ನಿಂತಿತು. ಸಂಘದವರೇ ಆದ ವಕೀಲ ಬೆಲ್ಫರ್ಡ್ ಲಾಸನ್ ವಾದಿಸಿದರು. 1950ರ ಜೂನ್ 5ರಂದು ಅಮೆರಿಕದ ಸುಪ್ರೀಂ ಕೋರ್ಟ್ ಆ ಪದ್ಧತಿ ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತಿತು. ನಾಲ್ಕು ವರ್ಷಗಳ ಬಳಿಕ ಶಾಲೆಗಳಲ್ಲಿನ ವರ್ಣಭೇದವನ್ನು ತಳ್ಳಿಹಾಕಿದ ಬ್ರೌನ್ ಮೊಕದ್ದಮೆಯಲ್ಲಿ ವಾದಿಸಿದ ಥರ್ಗುಡ್ ಮಾರ್ಷಲ್ ಕೂಡ ಈ ಬಳಗದವರು. ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಾಗ, 1952ರಲ್ಲಿ, ಅಲ್ಲಿನ ಸಿಗ್ಮಾ ಚಾಪ್ಟರ್ ಸೇರಿದವರು ಮಾರ್ಟಿನ್ ಲೂಥರ್ ಕಿಂಗ್. ವಾಷಿಂಗ್ಟನ್‌ನಲ್ಲಿ 2011ರ ಅಕ್ಟೋಬರ್ 16ರಂದು ಲೋಕಾರ್ಪಣೆಯಾದ ಕಿಂಗ್ ಸ್ಮಾರಕದ ಕನಸು ಕಂಡು, ಅದಕ್ಕಾಗಿ ವರ್ಷಗಟ್ಟಲೆ ದುಡಿದದ್ದು ಇದೇ ಫ್ರಟರ್ನಿಟಿ.

ಕಹಿಯನ್ನು ಮರೆಮಾಚುವುದು ಸರಿಯಲ್ಲ. ಹೊಸಬರನ್ನು ಸೇರಿಸಿಕೊಳ್ಳುವ ಹೆಸರಿನಲ್ಲಿ ಹೊಡೆಯುವ, ಅವಮಾನಿಸುವ ಚಾಳಿ ಅಮೆರಿಕದ ಫ್ರಟರ್ನಿಟಿಗಳಿಗೆ ಅಂಟಿದ ರೋಗ. ಅಲ್ಲಿ ಅದನ್ನು ಹೇಜಿಂಗ್ ಎನ್ನುತ್ತಾರೆ, ನಮ್ಮಲ್ಲಿ ರ‍್ಯಾಗಿಂಗ್. ಜೀವಗಳು ಹೋಗಿವೆ. ಕಪ್ಪು ವಿದ್ಯಾರ್ಥಿಗಳ ಪ್ರಮುಖ ಸಂಘಗಳು 1990ರಲ್ಲಿ ಸೇರ್ಪಡೆಯ ಹಳೆಯ ಕ್ರಮವನ್ನೇ ಒಟ್ಟಾಗಿ ರದ್ದುಪಡಿಸಿದವು, ಆದರೂ ಪಿಡುಗು ಪೂರ್ತಿ ತೊಲಗಿಲ್ಲ. ತಮ್ಮನೆಂದು ಕರೆದವನ ಮೇಲೆ ಕೈ ಮಾಡುವುದಕ್ಕಿಂತ ದೊಡ್ಡ ಮಾತುಮುರುಕತನ ಇನ್ನೊಂದಿಲ್ಲ.

ಇನ್ನು ಚಾಪ್ಟರುಗಳ ಹೆಸರಿಡುವ ಬಗೆ. ಕಾರ್ನೆಲ್‌ನದು ಆಲ್ಫಾ. 1907ರಲ್ಲಿ ವಾಷಿಂಗ್ಟನ್‌ನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಆರಂಭವಾದದ್ದು ಬೀಟಾ. ಹೀಗೆ ಒಂದೊಂದಾಗಿ ಅಕ್ಷರಗಳು ಮುಗಿದ ಮೇಲೆ ಎರಡೆರಡು ಅಕ್ಷರಗಳನ್ನು ಜೋಡಿಸುತ್ತಾರೆ. ಓದು ಮುಗಿದರೂ ಸದಸ್ಯತ್ವ ಮುಗಿಯುವುದಿಲ್ಲ. ಪದವೀಧರರಿಗೆ ಊರೂರಿನಲ್ಲಿ ಬೇರೆ ಚಾಪ್ಟರುಗಳಿವೆ. ಆದರೆ ಗ್ರೀಕ್ ವರ್ಣಮಾಲೆಯ ಕೊನೆಯ ಅಕ್ಷರವಾದ ಒಮೆಗಾವನ್ನು ಮಾತ್ರ ಯಾವ ಕಾಲೇಜಿಗೂ, ಯಾವ ಊರಿಗೂ ಕೊಟ್ಟಿಲ್ಲ. ಬಳಗದ ಒಬ್ಬರು ತೀರಿಕೊಂಡಾಗ ಉಳಿದವರು ಹೇಳುವುದು ಒಂದೇ ಮಾತು: ಅಣ್ಣ ಒಮೆಗಾ ಚಾಪ್ಟರ್ ಸೇರಿದರು.